ದೊಡ್ಡಿಯ ಲೆಕ್ಕ, ದನದ ಲೆಕ್ಕ: ಅಮೆರಿಕದ ಫೀಡ್‌ಲಾಟ್‌ಗಳಿಗೆ ಕಂಪ್ಯೂಟರ್ ಬಂದ ಬಗೆ

ಹುಲ್ಲುಗಾವಲಿನಲ್ಲಿ ಬೆಳೆದ ಎಳೆಯ ದನಗಳನ್ನು ಕೊಂಡು ತಂದು, ಬಯಲಿನಲ್ಲಿ ಬೇಲಿ ಹಾಕಿದ ದೊಡ್ಡಿಗಳಲ್ಲಿ ಕೂಡಿ, ನಾಲ್ಕರಿಂದ ಆರು ತಿಂಗಳು ಮುಖ್ಯವಾಗಿ ಧಾನ್ಯವನ್ನೇ ತಿನ್ನಿಸಿ ಕೊಬ್ಬಿಸಿ, ಮಾಂಸಕ್ಕೆ ತಕ್ಕ ತೂಕ ಬಂದೊಡನೆ ಕಸಾಯಿಖಾನೆಗೆ ಸಾಗಿಸುವ ವ್ಯವಸ್ಥೆಗೆ ಅಮೆರಿಕದಲ್ಲಿ ಫೀಡ್‌ಲಾಟ್ ಎಂಬ ಹೆಸರಿದೆ. ಸಾಮಾನ್ಯವಾಗಿ ನೂರಿನ್ನೂರು ದನಗಳಿಗೆ ಒಂದು ದೊಡ್ಡಿ, ದೊಡ್ಡಿಯ ಒಂದು ಅಂಚಿನ ಉದ್ದಕ್ಕೂ ಕಾಂಕ್ರೀಟಿನ ಗೋದಲಿ, ಗೋದಲಿಯ ಆಚೆ ಆಹಾರದ ಲಾರಿ ಓಡಾಡುವ ದಾರಿ. ಇಂಥ ದೊಡ್ಡಿಗಳು ಸಾಲುಸಾಲಾಗಿ ಸೇರಿ ಹತ್ತಾರು ಸಾವಿರ ದನಗಳ ಒಂದು ಫೀಡ್‌ಲಾಟ್ ಆಗುತ್ತದೆ. ಈ ಉದ್ಯಮಕ್ಕೆ ಕಂಪ್ಯೂಟರ್ ಬಂದದ್ದು ದನವನ್ನು ಹೆಚ್ಚು ಚೆನ್ನಾಗಿ ನೋಡಿಕೊಳ್ಳಬೇಕೆಂಬ ಉದ್ದೇಶದಿಂದ ಎಂದು ಹೇಳುವುದುಂಟಾದರೂ, ಇತಿಹಾಸದ ಕ್ರಮ ಬೇರೆಯೇ ಆಗಿದೆ. ಲೆಕ್ಕದ ಪುಸ್ತಕದ ಮೂಲಕವೂ ಆಹಾರ ಬೆರೆಸುವ ಗಿರಣಿಯ ಮೂಲಕವೂ ಒಳಬಂದ ಈ ಯಂತ್ರಕ್ಕೆ ಬಹುಕಾಲ ಕಾಣಿಸುತ್ತಿದ್ದ ಘಟಕವೆಂದರೆ ದೊಡ್ಡಿ ಮಾತ್ರ. ಅದರೊಳಗಿನ ಒಂದೊಂದು ದನ ಅದರ ಲೆಕ್ಕಕ್ಕೆ ಬರಲು ದಶಕಗಳೇ ಹಿಡಿದವು, ಮತ್ತು ಆ ಬದಲಾವಣೆಗೆ ಕಾರಣವಾದದ್ದು ಹೆಚ್ಚಾಗಿ ರೋಗ.

ಇಪ್ಪತ್ತನೆಯ ಶತಮಾನದ ಮಧ್ಯಭಾಗದವರೆಗೂ ದನ ಕೊಬ್ಬಿಸುವುದು ಅಯೋವಾ, ಇಲಿನಾಯ್ ಮೊದಲಾದ ರಾಜ್ಯಗಳ ಮೆಕ್ಕೆಜೋಳದ ರೈತರ ಚಳಿಗಾಲದ ಉಪಕಸುಬಾಗಿತ್ತು. ತನ್ನ ಹೊಲದ ಜೋಳವನ್ನು ಮಾರುವ ಬದಲು ಕೆಲವು ಹತ್ತು ದನಗಳಿಗೆ ತಿನ್ನಿಸಿ, ವಸಂತದಲ್ಲಿ ಅವುಗಳನ್ನು ರೈಲಿನಲ್ಲಿ ಷಿಕಾಗೋದ ಯೂನಿಯನ್ ಸ್ಟಾಕ್ ಯಾರ್ಡ್ಸ್ ಎಂಬ ದೊಡ್ಡ ಸಂತೆಗೆ ಕಳುಹಿಸುತ್ತಿದ್ದ ರೈತನಿಗೆ ಪ್ರತಿಯೊಂದು ದನದ ಗುರುತೂ ಇರುತ್ತಿತ್ತು. ಅವನ ಲೆಕ್ಕವೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಮುಗಿಯುತ್ತಿತ್ತು. 1865ರಲ್ಲಿ ತೆರೆದ ಆ ಸಂತೆ 1971ರಲ್ಲಿ ಮುಚ್ಚುವ ಹೊತ್ತಿಗೆ ಕಸುಬಿನ ನೆಲೆ ಪಶ್ಚಿಮದ ಒಣ ಬಯಲುಗಳಿಗೆ, ಅಂದರೆ ಕೊಲರಾಡೊ, ಕನ್ಸಾಸ್, ನೆಬ್ರಾಸ್ಕಾ ಹಾಗೂ ಟೆಕ್ಸಸ್‌ನ ಉತ್ತರ ತುದಿಗೆ ಸ್ಥಳಾಂತರಗೊಂಡಿತ್ತು.

ಈ ಸ್ಥಳಾಂತರಕ್ಕೆ ನೀರೇ ಮೂಲ. ಒಗಲಾಲಾ ಎಂಬ ವಿಶಾಲವಾದ ಅಂತರ್ಜಲ ಭಂಡಾರದಿಂದ ಪಂಪುಗಳು ನೀರೆತ್ತತೊಡಗಿದವು. ಫ್ರಾಂಕ್ ಝೈಬಾಕ್ 1952ರಲ್ಲಿ ಪೇಟೆಂಟ್ ಪಡೆದ, ಬಾವಿಯನ್ನು ನಡುವಿಟ್ಟುಕೊಂಡು ಗಾಲಿಗಳ ಮೇಲೆ ವೃತ್ತಾಕಾರವಾಗಿ ತಿರುಗುತ್ತ ನೀರು ಸಿಂಪಡಿಸುವ ಯಂತ್ರವು ಆ ನೀರನ್ನು ಹೊಲಗಳಿಗೆ ಹರಡಿತು. 1950ರ ದಶಕದಲ್ಲಿ ಬಂದ ಸಂಕರಣ ಬಿಳಿಜೋಳದ ತಳಿಗಳು ಇಳುವರಿಯನ್ನು ಹೆಚ್ಚಿಸಿದವು. ಧಾನ್ಯ ಅಲ್ಲೇ ಬೆಳೆಯುವಂತಾದ ಮೇಲೆ, ಮಳೆ ಕಡಿಮೆಯಿದ್ದು ದೊಡ್ಡಿಗಳಲ್ಲಿ ಕೆಸರಾಗದ ಈ ಪ್ರದೇಶವು ದನ ಕೂಡಿಹಾಕಲು ಹೇಳಿ ಮಾಡಿಸಿದಂತಿತ್ತು. ಅರ್ಲ್ ಬ್ರೂಕೋವರ್ 1951ರಲ್ಲಿ ಕನ್ಸಾಸ್‌ನ ಗಾರ್ಡನ್ ಸಿಟಿಯಲ್ಲಿಯೂ, ಪಾಲ್ ಎಂಗ್ಲರ್ 1960ರಲ್ಲಿ ಟೆಕ್ಸಸ್‌ನ ಹೆರೆಫರ್ಡ್‌ನಲ್ಲಿಯೂ ವಾಣಿಜ್ಯ ಫೀಡ್‌ಲಾಟ್‌ಗಳನ್ನು ಕಟ್ಟಿದರು. ಕೊಲರಾಡೊದ ಗ್ರೀಲಿಯಲ್ಲಿ ವಾರನ್ ಮಾನ್‌ಫರ್ಟ್ 1930ರಲ್ಲಿ ಸಣ್ಣದಾಗಿ ಆರಂಭಿಸಿದ ಉದ್ಯಮವು ಮಗ ಕೆನೆತ್‌ನ ಕಾಲದಲ್ಲಿ, 1960ರ ದಶಕದ ಕೊನೆಯ ಹೊತ್ತಿಗೆ, ಒಂದು ಲಕ್ಷ ದನಗಳನ್ನು ಹಿಡಿಸುವಷ್ಟು ಬೆಳೆದಿತ್ತು.

ಸಂಖ್ಯೆ ಬೆಳೆದದ್ದಷ್ಟೇ ಲೆಕ್ಕವನ್ನು ಕಠಿಣಗೊಳಿಸಲಿಲ್ಲ. ಒಡೆತನದ ಸ್ವರೂಪವೂ ಬದಲಾಗಿತ್ತು. ಹೊಸ ಫೀಡ್‌ಲಾಟ್‌ಗಳಲ್ಲಿದ್ದ ದನಗಳ ದೊಡ್ಡ ಪಾಲು ಆ ಫೀಡ್‌ಲಾಟ್‌ಗಳ ಮಾಲೀಕರದ್ದಾಗಿರಲಿಲ್ಲ. ದನವನ್ನು ತಂದು ಬಿಟ್ಟವರಿಂದ ಆಹಾರದ ಬೆಲೆಯನ್ನೂ, ಯಾರ್ಡೇಜ್ ಎಂಬ ದಿನವಹಿ ಬಾಡಿಗೆಯನ್ನೂ ವಸೂಲಿ ಮಾಡುವ ವಸತಿಗೃಹದಂತೆ ಅವು ನಡೆಯುತ್ತಿದ್ದವು. ಹೀಗೆ ದನ ಬಿಟ್ಟವರಲ್ಲಿ ರ‍್ಯಾಂಚುಗಳ ಒಡೆಯರೂ ಕಸಾಯಿಖಾನೆಯ ಕಂಪನಿಗಳೂ ಇದ್ದಂತೆ, ದನವನ್ನು ಕಣ್ಣಿನಿಂದಲೂ ನೋಡದ ನಗರಗಳ ವೈದ್ಯರೂ ವಕೀಲರೂ ಇದ್ದರು. ವರ್ಷದ ಕೊನೆಯಲ್ಲಿ ಮುಂದಿನ ತಿಂಗಳುಗಳ ಆಹಾರಕ್ಕೆ ಮುಂಗಡ ಹಣ ಕಟ್ಟಿ, ಅದನ್ನು ಆ ವರ್ಷದ ಖರ್ಚೆಂದು ತೋರಿಸಿ ಆದಾಯ ತೆರಿಗೆಯನ್ನು ಮುಂದೂಡಲು ಅಂದಿನ ಕಾನೂನಿನಲ್ಲಿ ಅವಕಾಶವಿದ್ದುದೇ ಅವರ ಆಸಕ್ತಿಗೆ ಕಾರಣ. 1976ರ ತೆರಿಗೆ ಸುಧಾರಣಾ ಕಾಯ್ದೆ ಈ ದಾರಿಯನ್ನು ಬಹುಮಟ್ಟಿಗೆ ಮುಚ್ಚುವವರೆಗೂ ನಗರಗಳ ಹಣ ಬಯಲುಗಳಿಗೆ ಧಾರಾಳವಾಗಿ ಹರಿಯಿತು.

ದೂರದಲ್ಲಿರುವ ಒಡೆಯನಿಗೆ ಲೆಕ್ಕ ಒಪ್ಪಿಸಬೇಕಾದಾಗ ಬಾಯಿಮಾತು ಸಾಲದು. ಒಬ್ಬ ಒಡೆಯನ, ಒಟ್ಟಿಗೆ ಬಂದು ಒಟ್ಟಿಗೆ ಮಾರಾಟವಾಗುವ ದನಗಳ ತಂಡಕ್ಕೆ ‘ಲಾಟ್’ ಎಂದು ಹೆಸರು. ಪ್ರತಿ ಲಾಟಿಗೂ ಕೊಂಡ ಬೆಲೆ, ಸಾಗಾಣಿಕೆ, ದಿನದಿನದ ಆಹಾರ, ಔಷಧಿ, ಬಡ್ಡಿ, ನಡುವೆ ಸತ್ತ ದನಗಳ ನಷ್ಟ ಇವೆಲ್ಲವನ್ನೂ ಹಾಕಿ, ಎಷ್ಟು ದನ ಎಷ್ಟು ದಿನ ನಿಂತವು ಎಂಬ ಗುಣಾಕಾರದ ಮೇಲೆ ಹಂಚಿ, ಮಾರಾಟದ ದಿನ ‘ಕ್ಲೋಸ್‌ಔಟ್’ ಎಂಬ ಅಂತಿಮ ಪಟ್ಟಿಯನ್ನು ಸಿದ್ಧಪಡಿಸಬೇಕಾಗಿತ್ತು. ಒಂದು ಪೌಂಡ್ ತೂಕ ಏರಿಸಲು ಎಷ್ಟು ಖರ್ಚಾಯಿತು ಎಂಬ ಅಂಕಿಯೇ ಅದರ ಸಾರ. ನೂರಾರು ಲಾಟುಗಳಿಗೆ ಇದನ್ನು ಪ್ರತಿದಿನ ಕೈಯಿಂದ ಬರೆಯುವುದು ಗುಮಾಸ್ತರ ಪಾಲಿಗೆ ಅಸಾಧ್ಯವಾಗುತ್ತ ಹೋದಂತೆ, ರಂಧ್ರ ಕೊರೆದ ಕಾರ್ಡುಗಳ ಮೂಲಕ ಮಾಹಿತಿ ಊಡಿಸುವ ದೊಡ್ಡ ಕಂಪ್ಯೂಟರುಗಳ ಸೇವೆಯನ್ನು ಬಾಡಿಗೆಗೆ ಪಡೆಯುವುದು ಮೊದಲಾಯಿತು. ಷಿಕಾಗೊ ಮರ್ಕೆಂಟೈಲ್ ಎಕ್ಸ್‌ಚೇಂಜ್ 1964ರ ನವೆಂಬರಿನಲ್ಲಿ ಜೀವಂತ ದನಗಳ ಮುಂಗಡ ವ್ಯಾಪಾರವನ್ನು ಆರಂಭಿಸಿದ ಮೇಲೆ ಈ ಅಂಕಿಗಳಿಗೆ ಇನ್ನೊಂದು ಬೆಲೆ ಬಂತು: ಇಂದು ದೊಡ್ಡಿ ಸೇರಿದ ದನ ಯಾವ ತಿಂಗಳಲ್ಲಿ ಯಾವ ತೂಕಕ್ಕೆ ಬರುತ್ತದೆ, ಯಾವ ಬೆಲೆಗೆ ಮಾರಿದರೆ ಅಸಲು ಹುಟ್ಟುತ್ತದೆ ಎಂದು ಮೊದಲೇ ಹೇಳಬಲ್ಲವನು ಆ ಬೆಲೆಯನ್ನು ಇಂದೇ ಭದ್ರಪಡಿಸಿಕೊಳ್ಳಬಹುದಾಗಿತ್ತು. ಅಂಥ ಭವಿಷ್ಯ ನುಡಿಯಲು ಲೆಕ್ಕಪತ್ರ ಶಾಸ್ತ್ರ ಸಾಲದಾಗಿತ್ತು. ಅದಕ್ಕೆ ಬೇಕಾದ ಎರಡು ಸಾಧನಗಳಲ್ಲಿ ಒಂದು ಗಣಿತದಿಂದಲೂ ಇನ್ನೊಂದು ಪಶು ಪೋಷಣಾ ವಿಜ್ಞಾನದಿಂದಲೂ ಬಂದವು.

ಗಣಿತದ ಸಾಧನದ ಹುಟ್ಟು ದನಗಳಿಂದ ದೂರವೇ ಇದೆ. ಅರ್ಥಶಾಸ್ತ್ರಜ್ಞ ಜಾರ್ಜ್ ಸ್ಟಿಗ್ಲರ್ 1945ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ, 77 ಆಹಾರ ಪದಾರ್ಥಗಳಿಂದ ಆರಿಸಿ, ಒಬ್ಬ ವಯಸ್ಕನಿಗೆ ಬೇಕಾದ 9 ಪೋಷಕಾಂಶಗಳನ್ನು ಅತಿ ಕಡಿಮೆ ಖರ್ಚಿನಲ್ಲಿ ಒದಗಿಸುವುದು ಹೇಗೆ ಎಂಬ ಪ್ರಶ್ನೆಯನ್ನು ಎತ್ತಿಕೊಂಡು, ಜಾಣ ಊಹೆಯ ದಾರಿಯಿಂದ ವರ್ಷಕ್ಕೆ 39.93 ಡಾಲರ್ ಎಂಬ ಉತ್ತರವನ್ನು ಕಂಡುಕೊಂಡಿದ್ದನು. ಹಲವು ನಿರ್ಬಂಧಗಳನ್ನು ಪಾಲಿಸುತ್ತಲೇ ಖರ್ಚನ್ನು ಕನಿಷ್ಠಗೊಳಿಸುವ ಇಂಥ ಸಮಸ್ಯೆಗಳಿಗೆ ಲೀನಿಯರ್ ಪ್ರೋಗ್ರಾಮಿಂಗ್ ಎಂದು ಹೆಸರು. ನಿರ್ಬಂಧಗಳೂ ಖರ್ಚೂ ಸರಳ ರೇಖೆಯ ಸಮೀಕರಣಗಳಾಗಿರುವುದು ಅದರ ಲಕ್ಷಣ. 1947ರಲ್ಲಿ ಜಾರ್ಜ್ ಡಾಂಟ್‌ಜಿಗ್ ಇದಕ್ಕೆ ‘ಸಿಂಪ್ಲೆಕ್ಸ್’ ಎಂಬ ಕ್ರಮಬದ್ಧ ವಿಧಾನವನ್ನು ರೂಪಿಸಿದಾಗ, ಅದನ್ನು ಪರೀಕ್ಷಿಸಲು ಸ್ಟಿಗ್ಲರನ ಸಮಸ್ಯೆಯನ್ನೇ ಜ್ಯಾಕ್ ಲೇಡರ್‌ಮನ್ ಎತ್ತಿಕೊಂಡನು. ಒಂಬತ್ತು ಗುಮಾಸ್ತರು ಕೈಯಲ್ಲಿ ತಿರುಗಿಸುವ ಲೆಕ್ಕದ ಯಂತ್ರಗಳ ಮುಂದೆ ಕುಳಿತು ಸುಮಾರು 120 ಆಳು-ದಿನಗಳ ದುಡಿಮೆಯಿಂದ ಕಂಡುಹಿಡಿದ ನಿಖರ ಉತ್ತರ 39.69 ಡಾಲರ್, ಸ್ಟಿಗ್ಲರನ ಊಹೆಗೂ ಅದಕ್ಕೂ ಇದ್ದ ಅಂತರ 24 ಸೆಂಟು.

ಮನುಷ್ಯನ ಊಟಕ್ಕೆ ಈ ಗಣಿತ ಅಷ್ಟಾಗಿ ಹೊಂದಲಿಲ್ಲ. ರುಚಿ, ರೂಢಿ, ಬೇಸರ ಇವು ಸಮೀಕರಣಕ್ಕೆ ಸಿಕ್ಕುವುದಿಲ್ಲ. ದನದ ಆಹಾರಕ್ಕಾದರೆ ಅದು ಒಡನೆ ಒಗ್ಗಿತು. ಅಮೆರಿಕದ ಕೃಷಿ ಇಲಾಖೆಯ ಫ್ರೆಡರಿಕ್ ವಾಗ್ 1951ರಲ್ಲಿ ಹಾಲಿನ ಹಸುಗಳ ಕನಿಷ್ಠ ವೆಚ್ಚದ ಆಹಾರವನ್ನು ಇದೇ ವಿಧಾನದಿಂದ ಲೆಕ್ಕ ಹಾಕಿ ತೋರಿಸಿದ ಮೇಲೆ, ಆಹಾರ ತಯಾರಿಸುವ ಕಂಪನಿಗಳೂ, ಅವುಗಳ ಹಿಂದೆಯೇ ಫೀಡ್‌ಲಾಟ್‌ಗಳೂ ಅದನ್ನು ಅಪ್ಪಿಕೊಂಡವು. ಮೆಕ್ಕೆಜೋಳ, ಬಿಳಿಜೋಳ, ರಸಮೇವು, ಹತ್ತಿಬೀಜದ ಹಿಂಡಿ, ಸಕ್ಕರೆ ಗೆಡ್ಡೆಯ ಚರಟ, ಕಾಕಂಬಿ ಇವುಗಳಲ್ಲಿ ಯಾವುದು ಎಷ್ಟಿರಬೇಕು ಎಂಬುದು ಆಯಾ ವಾರದ ಮಾರುಕಟ್ಟೆ ಬೆಲೆಯ ಮೇಲೆ ನಿಂತಿತು. ಆದರೆ ನಿರ್ಬಂಧಗಳನ್ನು ಬರೆಯುವವನ ವಿವೇಕವೇ ಇಲ್ಲಿ ನಿರ್ಣಾಯಕ. ಮೆಲುಕು ಹಾಕುವ ಪ್ರಾಣಿಯ ಮೊದಲ ಹೊಟ್ಟೆಯಾದ ರೂಮೆನ್‌ಗೆ ನಾರಿನ ಮೇವು ತೀರ ಕಡಿಮೆಯಾಗಿ ಧಾನ್ಯವೇ ಹೆಚ್ಚಾದರೆ ಅಲ್ಲಿ ಹುಳಿ ಏರಿ ದನ ಮೇವು ಬಿಡುತ್ತದೆ, ಕೆಲವೊಮ್ಮೆ ಸಾಯುತ್ತದೆ. ಆದ್ದರಿಂದ ಕನಿಷ್ಠ ಇಷ್ಟು ನಾರಿರಲೇಬೇಕು ಎಂಬ ಒಂದು ಸಾಲನ್ನು ಬರೆಯದಿದ್ದರೆ, ಯಂತ್ರ ಕೊಡುವ ಅತ್ಯಂತ ಅಗ್ಗದ ಉತ್ತರವೇ ಅತ್ಯಂತ ದುಬಾರಿಯಾಗಿ ಪರಿಣಮಿಸುತ್ತಿತ್ತು.

ಇದೇ ಗಣಿತ ಬಹಳ ತಡವಾಗಿ, ಬೇರೊಂದು ರೂಪದಲ್ಲಿ ಭಾರತಕ್ಕೆ ಬಂದುದನ್ನು ಇಲ್ಲಿಯೇ ಹೇಳಬಹುದು. ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿಯು 2012ರಲ್ಲಿ ಆರಂಭವಾದ ರಾಷ್ಟ್ರೀಯ ಡೇರಿ ಯೋಜನೆಯಡಿ, ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳ ಹಳ್ಳಿಗಳಲ್ಲಿ ಸಮತೋಲನ ಪಶು ಆಹಾರದ ಕಾರ್ಯಕ್ರಮವನ್ನು ನಡೆಸಿತು. ತರಬೇತಿ ಪಡೆದ ಸ್ಥಳೀಯ ಕಾರ್ಯಕರ್ತರು ಮನೆಮನೆಗೆ ಹೋಗಿ, ಟೇಪಿನಿಂದ ಹಸುವಿನ ಎದೆಯ ಸುತ್ತಳತೆಯನ್ನೂ ದೇಹದ ಉದ್ದವನ್ನೂ ಅಳೆದು ತೂಕವನ್ನು ಅಂದಾಜಿಸಿ, ಹಾಲಿನ ಪ್ರಮಾಣ ಮತ್ತು ಜಿಡ್ಡನ್ನು ದಾಖಲಿಸಿ, ಆ ಮನೆಯಲ್ಲಿರುವ ಹುಲ್ಲು, ಬೂಸಾ, ಹಿಂಡಿಗಳಿಂದಲೇ ಆ ಹಸುವಿಗೆ ತಕ್ಕ ಕನಿಷ್ಠ ವೆಚ್ಚದ ಆಹಾರವನ್ನು ತಂತ್ರಾಂಶದ ಮೂಲಕ ಲೆಕ್ಕ ಹಾಕಿಕೊಟ್ಟರು. ಹನ್ನೆರಡು ಅಂಕಿಯ ಕಿವಿಯೋಲೆ ಆ ಹಸುವಿನ ಗುರುತು. ಕೊಟ್ಟಿಗೆಯಲ್ಲಿ ಎರಡು ಮೂರು ಹಸುಗಳಷ್ಟೇ ಇರುವಲ್ಲಿ ಲೆಕ್ಕದ ಘಟಕವು ಮೊದಲ ದಿನದಿಂದಲೂ ಒಂದು ಹಸುವೇ ಆಯಿತು. ಟೆಕ್ಸಸ್‌ನ ಫೀಡ್‌ಲಾಟ್‌ನಲ್ಲಿ ಆಹಾರದ ಲಾರಿ ಇನ್ನೂರು ದನಗಳಿಗೆ ಒಂದೇ ಮಿಶ್ರಣವನ್ನು ಸುರಿಯಬೇಕಾದ್ದರಿಂದ ಅಲ್ಲಿ ಈ ಸಾಧ್ಯತೆಯೇ ಇರಲಿಲ್ಲ.

ಪೋಷಣಾ ವಿಜ್ಞಾನದ ಸಾಧನವನ್ನು ಒದಗಿಸಿದವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗ್ಲೆನ್ ಲಾಫ್‌ಗ್ರೀನ್ ಮತ್ತು ವಿಲಿಯಂ ಗ್ಯಾರೆಟ್. ಒಂದೇ ಬಗೆಯ ದನಗಳ ಗುಂಪಿನಲ್ಲಿ ಕೆಲವನ್ನು ಪ್ರಯೋಗದ ಆರಂಭದಲ್ಲಿಯೂ ಉಳಿದವನ್ನು ಕೊನೆಯಲ್ಲಿಯೂ ಕಡಿದು, ದೇಹಗಳಲ್ಲಿ ಸಂಚಯವಾದ ಶಕ್ತಿಯ ವ್ಯತ್ಯಾಸವನ್ನು ಅಳೆಯುವ ಶ್ರಮಸಾಧ್ಯವಾದ ವಿಧಾನದಿಂದ, ಅವರು 1968ರಲ್ಲಿ ನಿವ್ವಳ ಶಕ್ತಿಯ ಪದ್ಧತಿಯನ್ನು ಪ್ರಕಟಿಸಿದರು. ಆಹಾರದ ಶಕ್ತಿಯ ಒಂದು ಭಾಗ ದನ ಬದುಕಿರುವುದಕ್ಕೇ, ಅಂದರೆ ಉಸಿರಾಟ, ಓಡಾಟ, ಮೈಶಾಖಕ್ಕೆ ಖರ್ಚಾಗುತ್ತದೆ. ಅದು ಪೂರೈಸಿದ ಮೇಲೆ ಉಳಿದದ್ದಷ್ಟೇ ಮೈ ಏರುವುದಕ್ಕೆ ಒದಗುತ್ತದೆ. ಒಂದೇ ಆಹಾರವು ಈ ಎರಡು ಕೆಲಸಗಳಿಗೆ ಒಂದೇ ದಕ್ಷತೆಯಿಂದ ಒದಗುವುದಿಲ್ಲ ಎಂಬುದು ಅವರ ನಿರೂಪಣೆಯ ತಿರುಳು. ಹೀಗಾಗಿ ಪ್ರತಿ ಆಹಾರಕ್ಕೂ ಎರಡು ಮೌಲ್ಯಗಳು ಬಂದವು. ದನದ ತೂಕ ದಿನದಿನಕ್ಕೂ ಏರುವಂತೆ ಬದುಕಿನ ಖರ್ಚೂ ಏರುವುದರಿಂದ ಈ ಲೆಕ್ಕವನ್ನು ಪ್ರತಿದಿನವೂ ಹೊಸದಾಗಿ ಮಾಡಬೇಕಾಗಿತ್ತು, ಮತ್ತು ಪುನರಾವರ್ತನೆಯೇ ಕಂಪ್ಯೂಟರಿನ ಬಲವಾಗಿತ್ತು. ಮನುಷ್ಯನ ಕೈಗೆ ಬೇಸರದ ಕೆಲಸವಾದದ್ದು ಅದಕ್ಕೆ ಸುಲಭವಾಯಿತು.

ನಿವ್ವಳ ಶಕ್ತಿಯ ಈ ಸಮೀಕರಣವು ಲೆಕ್ಕದ ಪುಸ್ತಕಕ್ಕೆ ಸೇರಿಕೊಂಡುದು ಈ ಇತಿಹಾಸದ ಅತ್ಯಂತ ಮುಖ್ಯ ಘಟನೆ ಎನ್ನಬೇಕು. ಫೀಡ್‌ಲಾಟಿನಲ್ಲಿ ದನಗಳನ್ನು ಮೇಲಿಂದ ಮೇಲೆ ತೂಗುವುದಿಲ್ಲ. ತೂಕದ ಕಟಕಟೆಗೆ ಅಟ್ಟಿದರೆ ಅವು ಬೆದರಿ, ಮೇವು ಬಿಟ್ಟು, ಇದ್ದ ತೂಕವನ್ನೇ ಕಳೆದುಕೊಳ್ಳುತ್ತವೆ. ಬಂದ ದಿನದ ತೂಕ, ಹೋಗುವ ದಿನದ ತೂಕ ಇವೆರಡರ ನಡುವಿನ ತಿಂಗಳುಗಳಲ್ಲಿ ದೊಡ್ಡಿಯ ತೂಕವೆಂದರೆ, ತಿಂದ ಆಹಾರದಿಂದ ಸಮೀಕರಣವು ಊಹಿಸಿದ ತೂಕ. ಒಡೆಯನಿಗೆ ಹೋಗುವ ವರದಿ, ಬ್ಯಾಂಕಿನ ಸಾಲದ ಭದ್ರತೆ, ಮಾರಾಟದ ದಿನಾಂಕ ಇವೆಲ್ಲವೂ ಯಾರೂ ತೂಗದ ಆ ಸರಾಸರಿ ದನದ ಮೇಲೆ ನಿಂತವು. ದೊಡ್ಡಿಯೊಳಗೆ ಚೆನ್ನಾಗಿ ತಿಂದು ಬೆಳೆಯುವ ದನವೂ, ಕೆಮ್ಮುತ್ತ ಮೂಲೆಯಲ್ಲಿ ನಿಂತ ದನವೂ ಆ ಸರಾಸರಿಯಲ್ಲಿ ಒಂದಾದವು.

1970ರ ದಶಕದಲ್ಲಿ ಇಂಥ ಲೆಕ್ಕಗಳು ದೊಡ್ಡ ಕಂಪನಿಗಳ ಆಚೆಗೂ ಹರಡಿದವು. ಮಿಷಿಗನ್ ರಾಜ್ಯ ವಿಶ್ವವಿದ್ಯಾಲಯದ ‘ಟೆಲ್‌ಪ್ಲಾನ್’ ಸೇವೆಯಲ್ಲಿ ಟೆಲಿಫೋನಿನ ಗುಂಡಿಗಳನ್ನೊತ್ತಿ ಅಂಕಿಗಳನ್ನು ಕಳುಹಿಸಬಹುದಾಗಿತ್ತು. ನೆಬ್ರಾಸ್ಕಾ 1975ರಲ್ಲಿ ಆರಂಭಿಸಿದ ‘ಆಗ್‌ನೆಟ್’ ಜಾಲವು ಕೃಷಿ ವಿಸ್ತರಣಾ ಕಚೇರಿಗಳಲ್ಲಿ ಟರ್ಮಿನಲ್‌ಗಳನ್ನಿಟ್ಟು ನೆರೆಯ ರಾಜ್ಯಗಳಿಗೂ ವ್ಯಾಪಿಸಿತು. ದಶಕದ ಕೊನೆಗೆ ಸಣ್ಣ ಕಂಪ್ಯೂಟರುಗಳು, 1981ರ ನಂತರ ಪರ್ಸನಲ್ ಕಂಪ್ಯೂಟರುಗಳು ಫೀಡ್‌ಲಾಟಿನ ಕಚೇರಿಗೇ ಬಂದವು.

ಕಚೇರಿಯಿಂದ ಅಂಗಳಕ್ಕೆ ಇಳಿಯಲು ಕಂಪ್ಯೂಟರಿಗೆ ದಾರಿಯಾದದ್ದು ಆಹಾರದ ಲಾರಿ. ಮಿಶ್ರಣದ ಪೆಟ್ಟಿಗೆಯ ಕೆಳಗೆ, ಭಾರ ಬಿದ್ದಂತೆ ವಿದ್ಯುತ್ ಸಂಕೇತವನ್ನು ಬದಲಿಸುವ ‘ಲೋಡ್ ಸೆಲ್’ ಎಂಬ ತೂಕದ ಸಾಧನಗಳನ್ನು ಕೂರಿಸಿದ ಮೇಲೆ, ಯಾವ ದೊಡ್ಡಿಗೆ ಎಷ್ಟು ಸುರಿಯಿತು ಎಂಬುದು ಚಾಲಕನ ಅಂದಾಜಿನ ಹಂಗಿಲ್ಲದೆ ದಾಖಲಾಗತೊಡಗಿತು. ಗಿರಣಿಯಲ್ಲಿ ಇದಕ್ಕಿಂತ ಸೂಕ್ಷ್ಮವಾದ ತೂಕ ಬೇಕಾಯಿತು. 1975ರ ಕೊನೆಯಲ್ಲಿ ದನಗಳಿಗೆ ಅನುಮತಿ ಪಡೆದ ಮೊನೆನ್‌ಸಿನ್ ಎಂಬ ಔಷಧಿಯು ರೂಮೆನ್‌ನ ಸೂಕ್ಷ್ಮಜೀವಿಗಳ ಸಮತೋಲವನ್ನು ಬದಲಿಸಿ ಆಹಾರವನ್ನು ಉಳಿಸುತ್ತದೆ. ಅದರ ಪ್ರಮಾಣ ಒಂದು ಟನ್ ಆಹಾರಕ್ಕೆ ಹೆಚ್ಚೆಂದರೆ ಕೆಲವು ಹತ್ತು ಗ್ರಾಂ. ಕುದುರೆಗಳಿಗೆ ಅದು ಮಾರಕ ವಿಷ, ಮತ್ತು ಪ್ರತಿ ಫೀಡ್‌ಲಾಟಿನಲ್ಲಿಯೂ ಕೆಲಸದ ಕುದುರೆಗಳು ಇರುತ್ತಿದ್ದವು. ಇಷ್ಟು ಅಲ್ಪವಾದ ಪದಾರ್ಥಗಳನ್ನು ತೂಗಿ, ನೀರಿನಲ್ಲಿ ಕಲಸಿ, ಮಿಶ್ರಣಕ್ಕೆ ಸಿಂಪಡಿಸುವ ಕಂಪ್ಯೂಟರ್ ನಿಯಂತ್ರಿತ ಯಂತ್ರಗಳು ಟೆಕ್ಸಸ್‌ನ ಅಮರಿಲ್ಲೊದಂಥ ನಗರಗಳಲ್ಲಿ ತಾವೇ ಒಂದು ಉದ್ಯಮವಾಗಿ ಬೆಳೆದವು.

ಆದರೂ ‘ಇಂದು ಈ ದೊಡ್ಡಿಗೆ ಎಷ್ಟು’ ಎಂಬ ತೀರ್ಮಾನ ಮನುಷ್ಯನದೇ ಆಗಿ ಉಳಿಯಿತು. ಬೆಳಗಾಗುವ ಮುನ್ನವೇ ಒಬ್ಬ ಅನುಭವಿ ಗೋದಲಿಗಳ ಉದ್ದಕ್ಕೂ ವಾಹನದಲ್ಲಿ ಸಾಗುತ್ತ, ರಾತ್ರಿ ಉಳಿದ ಆಹಾರವನ್ನು ನೋಡಿ ಆ ದಿನದ ಪ್ರಮಾಣವನ್ನು ನಿರ್ಧರಿಸುತ್ತಾನೆ. ದಕ್ಷಿಣ ಡಕೋಟಾ ರಾಜ್ಯ ವಿಶ್ವವಿದ್ಯಾಲಯವು ರೂಪಿಸಿದ ಅಂಕಪದ್ಧತಿಯಲ್ಲಿ ಬರಿದಾದ ಗೋದಲಿಗೆ 0, ಮುಟ್ಟದೆ ಬಿಟ್ಟದ್ದಕ್ಕೆ 4. ಕಂಪ್ಯೂಟರ್ ಅವನ ಕೈಗೆ ಹಿಂದಿನ ದಿನಗಳ ದಾಖಲೆಯನ್ನು ಕೊಡುತ್ತದೆ. ಅವನ ಕಣ್ಣು ಕಂಡದ್ದನ್ನು ಅಂಕಿಯಾಗಿಸಿ ಉಳಿಸಿಟ್ಟುದೇ ಇಲ್ಲಿ ಯಂತ್ರದ ನಿಜವಾದ ಸೇವೆ. ಒಬ್ಬನು ಕೆಲಸ ಬಿಟ್ಟು ಹೋದರೂ ಅವನ ಅನುಭವದ ಒಂದಂಶ ದಾಖಲೆಯಲ್ಲಿ ಉಳಿಯಿತು.

ಒಂದೊಂದು ದನವನ್ನು ಬೇರೆಯಾಗಿ ನೋಡುತ್ತಿದ್ದವನು ಪೆನ್ ರೈಡರ್, ಅಂದರೆ ಕುದುರೆಯ ಮೇಲೆ ದೊಡ್ಡಿದೊಡ್ಡಿಯನ್ನೂ ಹೊಕ್ಕು ಕಾಯಿಲೆಯವನ್ನು ಹೆಕ್ಕುವ ಆಳು. ದೂರದಿಂದ ಸಾಗಿಬಂದ ದನಗಳಿಗೆ ಮೊದಲ ವಾರಗಳಲ್ಲಿ ತಗಲುವ ಶ್ವಾಸಕೋಶದ ಜ್ವರವೇ ಫೀಡ್‌ಲಾಟಿನ ದೊಡ್ಡ ಶತ್ರು. ಬೇಟೆಗೆ ಸಿಕ್ಕುವ ಪ್ರಾಣಿಯ ಸ್ವಭಾವದಂತೆ ದನವು ತನ್ನ ನೋವನ್ನು ಮರೆಮಾಚುತ್ತದೆ. ಇಳಿಬಿದ್ದ ಕಿವಿ, ಒಳಗೆ ಸೆಳೆದ ಹೊಟ್ಟೆ, ಗೋದಲಿಗೆ ಬರಲು ತಡವರಿಸುವ ಹೆಜ್ಜೆ ಇಷ್ಟರಿಂದಲೇ ಅವನು ಗುರುತಿಸಬೇಕು. ಈ ನೋಟದ ಮಿತಿ ಎಷ್ಟೆಂಬುದನ್ನು 1996ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿತು: 469 ದನಗಳಲ್ಲಿ ಚಿಕಿತ್ಸೆ ಪಡೆದವು 35 ಪ್ರತಿಶತ, ಕಸಾಯಿಖಾನೆಯಲ್ಲಿ ಶ್ವಾಸಕೋಶವನ್ನು ತೆರೆದು ನೋಡಿದಾಗ ಹಳೆಯ ರೋಗದ ಗಾಯಗಳಿದ್ದವು 72 ಪ್ರತಿಶತ. ಒಮ್ಮೆಯೂ ಚಿಕಿತ್ಸೆ ಕಾಣದ ದನಗಳಲ್ಲಿಯೂ ಮೂರರಲ್ಲಿ ಎರಡರಷ್ಟಕ್ಕೆ ಆ ಗಾಯಗಳಿದ್ದವು, ಮತ್ತು ಗಾಯವಿದ್ದ ದನಗಳು ಕಡಿಮೆ ಬೆಳೆದಿದ್ದವು. ದೊಡ್ಡಿಯ ಸರಾಸರಿಯ ಹಿಂದೆ ಇಷ್ಟು ನೋವು ಯಾರ ಗಮನಕ್ಕೂ ಬಾರದೆ ಸರಿದುಹೋಗಿತ್ತು.

ರೋಗದ ದನಕ್ಕೆ ಔಷಧಿ ಕೊಟ್ಟ ಕ್ಷಣದಿಂದ ಕಾನೂನು ಅದನ್ನು ಬೇರೆಯಾಗಿ ಕಾಣುತ್ತದೆ. ಔಷಧಿಯ ಅಂಶ ಮಾಂಸದಿಂದ ತೊಲಗುವಷ್ಟು ದಿನ ಅದನ್ನು ಕಡಿಯುವಂತಿಲ್ಲ, ಆದ್ದರಿಂದ ಯಾವ ದನಕ್ಕೆ ಯಾವ ದಿನ ಏನು ಕೊಟ್ಟದ್ದು ಎಂಬ ದಾಖಲೆ ಇರಲೇಬೇಕು. ಚಿಕಿತ್ಸೆಯ ಕಟಕಟೆಯ ಪಕ್ಕದಲ್ಲಿ ಕಂಪ್ಯೂಟರನ್ನಿಟ್ಟು, ಕಿವಿಯೋಲೆಯ ಸಂಖ್ಯೆ, ಜ್ವರ, ತೂಕ, ಔಷಧಿಯ ಪ್ರಮಾಣವನ್ನು ದಾಖಲಿಸುವ ವ್ಯವಸ್ಥೆಗಳು ಹೀಗೆ ಹುಟ್ಟಿದವು. ಅಮರಿಲ್ಲೊದ ಮೈಕ್ರೋ ಕೆಮಿಕಲ್ ಕಂಪನಿ 1990ರ ದಶಕದಲ್ಲಿ ಇವುಗಳಿಗೆ ಪೇಟೆಂಟ್ ಪಡೆಯಿತು. ದೊಡ್ಡಿಯೊಳಗಿನ ದನಕ್ಕೆ ಕಂಪ್ಯೂಟರಿನಲ್ಲಿ ಸ್ವಂತ ಪುಟ ದೊರೆತದ್ದು ಅದು ಕಾಯಿಲೆ ಬಿದ್ದ ಮೇಲೆ.

ಎಲ್ಲ ದನಗಳಿಗೂ ಅಂಥ ಪುಟ ಕೊಡುವ ತಂತ್ರ ಬಹಳ ಹಿಂದೆಯೇ ಸಿದ್ಧವಿತ್ತು. ಅಣ್ವಸ್ತ್ರಗಳಿಗೆ ಹೆಸರಾದ ಲಾಸ್ ಅಲಮೋಸ್ ಪ್ರಯೋಗಾಲಯದ ಆಲ್‌ಫ್ರೆಡ್ ಕೋಲ್, ಸ್ಟೀವನ್ ಡೆಪ್ ಮತ್ತು ರಾಬರ್ಟ್ ಫ್ರೇಮನ್, ಬ್ಯಾಟರಿಯಿಲ್ಲದೆ ಹೊರಗಿನಿಂದ ಬಂದ ರೇಡಿಯೊ ಅಲೆಯನ್ನೇ ತಿದ್ದಿ ಹಿಂದಿರುಗಿಸಿ ಗುರುತು ಹೇಳುವ ಬಿಲ್ಲೆಯನ್ನು 1975ರಲ್ಲಿ ವಿವರಿಸಿದ್ದರು. ಕೃಷಿ ಇಲಾಖೆಯ ಆಸಕ್ತಿಯಿಂದ ಅವರು ಇದನ್ನು ದನಗಳ ಗುರುತಿಗೂ ಮೈಶಾಖದ ಅಳತೆಗೂ ರೂಪಿಸುತ್ತಿದ್ದರು. ಅದರ ಸಂತತಿ ಮೊದಲು ಹೆದ್ದಾರಿಗಳ ಟೋಲ್ ಗೇಟುಗಳಿಗೆ ಹೋಯಿತು. ದನಗಳ ಕಿವಿಯೋಲೆಗಳಿಗೆ 134.2 ಕಿಲೋಹರ್ಟ್ಸ್ ಆವರ್ತನ ಮತ್ತು ಹದಿನೈದು ಅಂಕಿಯ ಸಂಖ್ಯೆಯನ್ನು ನಿಗದಿಪಡಿಸಿದ ಅಂತರರಾಷ್ಟ್ರೀಯ ಮಾನದಂಡ 1996ರಲ್ಲಿ ಬಂತು. ಆಸ್ಟ್ರೇಲಿಯಾ 2005ರಲ್ಲಿ ಇದನ್ನು ದೇಶಾದ್ಯಂತ ಕಡ್ಡಾಯಗೊಳಿಸಿತು.

ಅಮೆರಿಕಕ್ಕೆ ಈ ವಿಷಯದ ತುರ್ತು ಮನವರಿಕೆಯಾದದ್ದು 2003ರ ಡಿಸೆಂಬರ್ 23ರಂದು, ವಾಷಿಂಗ್ಟನ್ ರಾಜ್ಯದ ಒಂದು ಹಾಲಿನ ಹಸುವಿನಲ್ಲಿ ‘ಹುಚ್ಚು ಹಸು’ ರೋಗ ಪತ್ತೆಯಾದಾಗ. ಆ ಹಸು ಕೆನಡಾದ ಆಲ್ಬರ್ಟಾದಿಂದ ಬಂದ 81 ದನಗಳ ಹಿಂಡಿಗೆ ಸೇರಿತ್ತು. ತನಿಖೆ ಮುಗಿದಾಗ, ಅದೂ ಸೇರಿ ಖಚಿತವಾಗಿ ಗುರುತು ಹತ್ತಿದವು 29 ಮಾತ್ರ. ಗ್ರಾಂ ಲೆಕ್ಕದಲ್ಲಿ ಔಷಧಿ ತೂಗಬಲ್ಲ, ಒಂದು ಪೌಂಡ್ ತೂಕದ ವೆಚ್ಚವನ್ನು ಸೆಂಟಿನವರೆಗೆ ಹೇಳಬಲ್ಲ ಒಂದು ದೇಶದ ಜಾನುವಾರು ಉದ್ಯಮಕ್ಕೆ ಉಳಿದ 52 ದನಗಳು ಎಲ್ಲಿಗೆ ಹೋದವೆಂದು ಖಚಿತವಾಗಿ ಹೇಳಲಾಗಲಿಲ್ಲ. 2004ರಲ್ಲಿ ಸರ್ಕಾರ ಆರಂಭಿಸಿದ ರಾಷ್ಟ್ರೀಯ ಪ್ರಾಣಿ ಗುರುತಿನ ಯೋಜನೆಯನ್ನು ಸಣ್ಣ ರೈತರೂ ರ‍್ಯಾಂಚುಗಳವರೂ ಖರ್ಚಿನ ಕಾರಣದಿಂದಲೂ, ತಮ್ಮ ಹಿಂಡಿನ ಮಾಹಿತಿ ಯಾರ ಕೈ ಸೇರುತ್ತದೆಂಬ ಆತಂಕದಿಂದಲೂ ವಿರೋಧಿಸಿದರು. ಆ ಆತಂಕವನ್ನು ಹಳೆಯ ಕಾಲದವರ ಹಟವೆಂದು ತಳ್ಳಿಹಾಕುವುದು ನ್ಯಾಯವಲ್ಲ. ನಾಲ್ಕೈದು ದೊಡ್ಡ ಕಂಪನಿಗಳೇ ಖರೀದಿದಾರರಾಗಿರುವ ಮಾರುಕಟ್ಟೆಯಲ್ಲಿ ಯಾರ ಬಳಿ ಎಷ್ಟು ದನ ಎಂಬುದು ಬೆಲೆಯನ್ನೇ ಅಲುಗಿಸಬಲ್ಲ ಸುದ್ದಿ. 2010ರಲ್ಲಿ ಯೋಜನೆಯನ್ನು ಕೈಬಿಡಲಾಯಿತು.

ಅದರ ಬದಲಿಗೆ 2013ರಲ್ಲಿ ಬಂದ ನಿಯಮವು ರಾಜ್ಯದಿಂದ ರಾಜ್ಯಕ್ಕೆ ಸಾಗುವ ಕೆಲವು ವರ್ಗದ ದನಗಳಿಗೆ ಮಾತ್ರ ಅಧಿಕೃತ ಗುರುತನ್ನು ಕೇಳಿತು. 2024ರ ನವೆಂಬರ್ 5ರಿಂದ ಅಂಥ ದನಗಳ ಹೊಸ ಕಿವಿಯೋಲೆಗಳು ವಿದ್ಯುನ್ಮಾನದಲ್ಲಿಯೂ ಓದಲು ಬರುವಂತಿರಬೇಕೆಂದಾಯಿತು. ಹಾಲಿನ ದನಗಳು, ಪ್ರದರ್ಶನ ಮತ್ತು ರೋಡಿಯೊ ಪಂದ್ಯಗಳ ದನಗಳು, ಹದಿನೆಂಟು ತಿಂಗಳು ದಾಟಿದ, ಬೀಜ ಒಡೆಯದ ಹೋರಿಗಳು ಹಾಗೂ ಹಸುಗಳು ಅದರ ವ್ಯಾಪ್ತಿಗೆ ಬರುತ್ತವೆ. ಫೀಡ್‌ಲಾಟಿನ ದೊಡ್ಡಿಗಳನ್ನು ತುಂಬುವ, ಹದಿನೆಂಟು ತಿಂಗಳ ಒಳಗಿನ ಮಾಂಸದ ತಳಿಯ ಎಳೆಯ ದನಗಳಲ್ಲಿ ಬಹುಪಾಲು ಆ ನಿಯಮದ ಹೊರಗೇ ಉಳಿದಿವೆ.